ರಂಜಕದ ಬಣ್ಣದ ಸೀರೆ

ಗೆಳತಿ ಶಿವಲೀಲಾಳ ಜೊತೆ ಸೀರೆ ಅಂಗಡಿಗೆ ಹೋಗುವಾಗ ನಾನು ನೀರಿನ ಬಾಟಲಿಯನ್ನೂ ಬಿಸ್ಕೀಟನ್ನೂ ಒಯ್ಯುತ್ತೇನೆ. ಅವಳು ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿ, ಒಂದೊಂದು ಸೀರೆಯನ್ನೂ ಬಾಗಿಲಿಗೊಯ್ದು ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ ‘ಮನಸ್ಸಿಗೆ ಬರವಲ್ದು’ ಎಂದು ಎದ್ದುಬಿಡುತ್ತಾಳೆ. ತೀರಾ ಕೊಳ್ಳಲೇಬೇಕಾದರೆ ಮಣ್ಣಿನ ಬಣ್ಣದ್ದು, ಮಾಸಿದ್ದು ಕಾಣುವುದಿಲ್ಲವಂತೆ. ನಾನು ಮೆಚ್ಚಿದ್ದನ್ನು ಅವಳು ಒಮ್ಮೆಯೂ ಕೊಂಡವಳಲ್ಲ.

ಮೊನ್ನೆ ನಾವು ನಮ್ಮೂರು ಜತ್ತದಿಂದ ಸಾಂಗ್ಲಿಗೆ ಹೋದದ್ದು ಸೀರೆಗಲ್ಲ, ಅವಳ ಕಣ್ಣು ತೋರಿಸಲು. ಡಾಕ್ಟರು ಹನಿ ಹಾಕಿ, ಪರೀಕ್ಷಿಸಿ, ಹತ್ತಿರದ್ದು ಕಾಣಲು ಚಾಳೀಸು ಬೇಕು ಅಷ್ಟೇ ಎಂದರು. ಸಂಜೆಯವರೆಗೆ ಎಲ್ಲ ಮಸುಕು ಕಾಣುತ್ತದೆ, ಬಿಸಿಲು ಚುಚ್ಚುತ್ತದೆ ಎಂದು ಕಪ್ಪು ಕನ್ನಡಕವೊಂದನ್ನು ಕೊಟ್ಟು ಕಳಿಸಿದರು. ತಲೆಯ ಮೇಲೆ ಸೆರಗು, ಕಣ್ಣಿಗೆ ಕಪ್ಪು ಕನ್ನಡಕ. ಚುನಾವಣೆಗೆ ನಿಂತ ಪುಢಾರಿಯ ಹಾಗೆ ಕಂಡಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಕೈ ಹಿಡಿದುಕೊಂಡು ಪೇಟೆಯಲ್ಲಿ ಸುಮ್ಮನೆ ಅಡ್ಡಾಡಿದೆ. ಶಿವಲೀಲಾ ಬಳೆಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು, ಸ್ಟೀಲಿನ ಡಬ್ಬಿಗಳನ್ನು ಬೆರಳಿಂದ ಬಡಿದು ಬೈದಳು. ಅಂಗಡಿಯವರೇ ನಮ್ಮನ್ನು ಕಂಡು ಗಾಬರಿಯಾದರು.

ಅಷ್ಟರಲ್ಲಿ ಅವಳ ನಾದಿನಿಯ ಫೋನು ಬಂತು. ಮರುದಿನ ಜತ್ತದಲ್ಲೇ ಆಕೆಯ ಮಗಳ ಸಾಖರಪುಡಾ; ಬೀಗರೆಲ್ಲ ಸೇರುವ ಮದುವೆ ನಿಶ್ಚಯ. ಆಕೆಯ ದನಿ ಫೋನಿಲ್ಲದೆಯೂ ಕೇಳುವಂಥದ್ದು: “ವೈನಿ, ನಾಳಿಗರೆ ಆ ಮಣ್ಣಿನ ಬಣ್ಣದ ಸೀರಿ ಬ್ಯಾಡ್ರಿ. ಬೀಗರು ನಿಮ್ಮನ್ನ ಅಡಗಿ ಮಾಡಾಕಿ ಅಂದಾರು.”

ಶಿವಲೀಲಾ ಫೋನನ್ನು ಚೀಲಕ್ಕೆ ಹಾಕಿದಳು. “ನಡಿ, ಸೀರಿ ಅಂಗಡಿಗೆ.”

“ನಿನಗ ಕಾಣೂದಿಲ್ಲಲ್ಲ?”

“ನಿನಗ ಕಾಣತೈತಲ್ಲ.”

ನಾನು ಹಿಗ್ಗಿದೆ, ಸ್ವಲ್ಪ ಹೆದರಿದೆ ಕೂಡ. ಅಂಗಡಿಯವರು ಡಾಳಿಂಬಿ, ಮೋರಪಂಖಿ, ಚಿಂತಾಮಣಿ ಎಂದು ಮರಾಠಿಯಲ್ಲಿ ಬಣ್ಣಗಳ ಹೆಸರು ಹೇಳುತ್ತ ಸೀರೆ ಹರವಿದರು. ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಬಣ್ಣಗಳ ಇಂಗ್ಲಿಷ್ ಹೆಸರುಗಳು ನನಗೆ ಈಗಲೂ ಬಾಯಿಪಾಠ. ಆದರೆ ಕಾಣದ ಕಣ್ಣಿನ ಮುಂದೆ ಅವು ಬರೀ ಹೆಸರು. ನಮ್ಮ ಹಿರಿಯರು ಜಾಣರು. ನೇರಳೆ, ಕಿತ್ತಳೆ, ಗುಲಾಬಿ ಎಂದು ತಿನ್ನುವ, ಮುಡಿಯುವ ವಸ್ತುವನ್ನೇ ಬಣ್ಣ ಮಾಡಿಟ್ಟರು. ನಾನೂ ಅದೇ ದಾರಿ ಹಿಡಿದೆ. ಒಂದು ಸೀರೆಯನ್ನು ಅವಳಂತೆಯೇ ಬಾಗಿಲಿಗೊಯ್ದು ಬಿಸಿಲಿಗೆ ಹಿಡಿದೆ. ಹಣ್ಣು ಮೆಣಸಿನಕಾಯಿ ಅರೆದು ಮಾಡುವ ನಮ್ಮ ರಂಜಕ ನೆನಪಾಯಿತು.

“ರಂಜಕದ ಮ್ಯಾಲ ಎಣ್ಣಿ ತೇಲತೈತಲ್ಲ, ಆ ಕೆಂಪು,” ಎಂದೆ. “ಅಂಚು ಗುರೆಳ್ಳ ಚಟ್ನಿ ಕಪ್ಪು.”

“ಸೀರಿ ತಗೊಳ್ಳಾಕ ಬಂದೀವೋ, ಬುತ್ತಿ ಕಟ್ಟಾಕೋ?” ಎಂದು ನಕ್ಕಳು. ಆಮೇಲೆ ಸೆರಗಿನ ಮೇಲೆ ನಿಧಾನವಾಗಿ ಕೈಯಾಡಿಸುತ್ತ, ತನಗೆ ಒಪ್ಪುತ್ತದೆಯೇ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಒಪ್ಪುತ್ತದೆ ಎಂದೆ. ಬೇರೆ ಸೀರೆ ಬಿಚ್ಚಿಸದೆ ಕಟ್ಟಿಸಿಬಿಟ್ಟಳು. ನನ್ನ ಬಿಸ್ಕೀಟು ಚೀಲದಲ್ಲೇ ಉಳಿಯಿತು.

ಬಸ್ಸು ಜತ್ತ ಸಮೀಪಿಸುವಾಗ ಅವಳ ಕಣ್ಣು ತಿಳಿಯಾಯಿತು. ಪೊಟ್ಟಣ ತೊಡೆಯ ಮೇಲೇ ಇತ್ತು, ಬಿಚ್ಚಲಿಲ್ಲ. “ಈಗ ನೋಡಿದ್ರ ತಿರುಗಿ ಕೊಟ್ಟು ಬರೂಣು ಅಂತೀನಿ. ನನ್ನ ಗುಣ ನನಗ ಗೊತ್ತೈತಿ. ಉಟ್ಟ ಮ್ಯಾಲೇ ನೋಡತೀನಿ.”

ಮರುದಿನ ಸಾಖರಪುಡಾಕ್ಕೆ ಹೋದವಳು ಬಾಗಿಲನ್ನೇ ನೋಡುತ್ತ ಕುಳಿತಿದ್ದೆ. ಶಿವಲೀಲಾ ಬಂದಳು, ಅದೇ ಸೀರೆಯುಟ್ಟು. ಬೀಗರ ಹೆಂಗಸರು ತಾವಾಗಿ ಸರಿದು ನಡುವೆ ಜಾಗ ಮಾಡಿಕೊಟ್ಟರು. ನಾದಿನಿ ಮೇಲಿಂದ ಕೆಳಗೆ ನೋಡಿ, ಇದ್ಯಾವ ಬಣ್ಣ ವೈನಿ ಎಂದು ಕೇಳಿದಳು.

“ರಂಜಕ,” ಎಂದಳು ಶಿವಲೀಲಾ, ನನ್ನತ್ತ ನೋಡದೆ. “ಮ್ಯಾಲ ಎಣ್ಣಿ ತೇಲೂದು ಕಾಣವಲ್ದೇನು? ಸಾಂಗ್ಲ್ಯಾಗ ಚಲೋ ಡಾಕ್ಟರ್ ಅದಾರ, ಒಮ್ಮಿ ತೋರಿಸ್ಕೊಂಡು ಬಾ.”

ಮುಂದಿನ ವಾರ ಅವಳ ಚಾಳೀಸು ತರಲು ಹೋಗಬೇಕು. ಅದನ್ನು ಹಾಕಿಕೊಂಡವಳು ಸೀರೆ ಅಂಗಡಿಯ ಮುಂದೆ ಸುಮ್ಮನೆ ಹಾದುಹೋಗುತ್ತಾಳೆಂಬ ಭರವಸೆ ನನಗಿಲ್ಲ. ಗೆಳತಿಯ ಕಣ್ಣಾಗಿ ಒಂದು ಮಧ್ಯಾಹ್ನ ಕಳೆದದ್ದಾಯಿತು. ಇನ್ನು ಮತ್ತೆ ನೀರಿನ ಬಾಟಲಿ ಹೊರುವವಳೇ. ತೊಳೆದಿಟ್ಟಿದ್ದೇನೆ.