ಬಿಡದ ಬ್ರೇಕು, ಒಡೆಯದ ನಿಂಬೆಹಣ್ಣು

ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಪಾನಾ ಹಾಕಿ ನಟ್ಟು ಬಿಚ್ಚಿ ನೋಡಲಾಗದ ಯಾವುದನ್ನೂ ನಂಬಿದವನಲ್ಲ. ಅಮಾವಾಸ್ಯೆಗೊಮ್ಮೆ ನನ್ನ ಲಾರಿಯ ಗಾಲಿಗಳಿಗೆ ನಿಂಬೆಹಣ್ಣು ಇಡುತ್ತಿದ್ದ ಹೆಂಡತಿಯನ್ನು ಕಂಡು ನಗುತ್ತಿದ್ದೆ. ಆದರೆ ಮೊನ್ನೆ ಮೊಮ್ಮಗಳು ರೇಣುಕಾಗೆ ಅಥಣಿ ರಸ್ತೆಯ ಗ್ಯಾರೇಜಿನಲ್ಲಿ ಲಾರಿ ಬ್ರೇಕಿನ ಕೆಲಸ ಸಿಕ್ಕಿತು ನೋಡಿ, ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಬೇಡವೆಂದವರ ಬಾಯಿಗೂ ಪೇಢೆ ತುರುಕಿದ್ದೇನೆ. ಅದೇ ಹುರುಪಿನಲ್ಲಿ ಇದನ್ನೂ ಹೇಳಿಬಿಡುತ್ತೇನೆ.

ಆಗ ಅವಳಿಗೆ ಎರಡು ವರ್ಷ. ಬಬಲೇಶ್ವರದಲ್ಲಿ ಒಣದ್ರಾಕ್ಷಿ ತುಂಬಿಸಿ, ಲಾರಿಯನ್ನು ತಿಕೋಟಾದ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದೆ. ಬೆಳಿಗ್ಗೆ ಎದ್ದವನೇ ಗಾಳಿ ಟ್ಯಾಂಕಿನ ತಳದ ರಿಂಗ್ ಎಳೆದು ನೀರು ಬಿಟ್ಟೆ. ಅದು ನನ್ನ ನಿತ್ಯದ ಕೆಲಸ. ಟ್ಯಾಂಕಿನಲ್ಲಿ ನೀರು ನಿಂತರೆ ಬ್ರೇಕು ಕೆಡುತ್ತದೆ. ಆದರೆ ಅವತ್ತು ಅಮಾವಾಸ್ಯೆ; ಗಾಲಿಗಳಿಗೆ ನಿಂಬೆಹಣ್ಣಿಟ್ಟು ಹೆಂಡತಿಯ ಪೂಜೆ ಮುಗಿಯುವಷ್ಟರಲ್ಲಿ ಹೊತ್ತಾಯಿತು. ಸಿಟ್ಟಿನಲ್ಲಿ ಲಾರಿಗೆ ಒಂದು ಸುತ್ತು ಹಾಕಿ ನೋಡುವುದನ್ನು ಅಂದು ಒಂದೇ ದಿನ ಬಿಟ್ಟೆ.

ಹತ್ತಿ ಕುಳಿತು ಎಂಜಿನ್ ಚಾಲೂ ಮಾಡಿ ಕಾದೆ. ಮೀಟರಿನ ಮುಳ್ಳು ಟ್ಯಾಂಕಿನಲ್ಲಿ ಗಾಳಿ ತುಂಬಿದೆ ಎಂದು ತೋರಿಸಿತು. ಗಾಳಿ ಇಲ್ಲದಿದ್ದರೆ ಸ್ಪ್ರಿಂಗು ಬ್ರೇಕನ್ನು ಹಿಡಿದಿಡುತ್ತದೆ, ಗಾಳಿ ಇದ್ದರೆ ಬಿಡುತ್ತದೆ. ಅಷ್ಟೇ ಲೆಕ್ಕ. ಹ್ಯಾಂಡ್‌ಬ್ರೇಕ್ ಬಿಟ್ಟು ಗೇರು ಹಾಕಿದೆ. ಲಾರಿ ಕದಲಲಿಲ್ಲ. ಮೂರು ಸಲ ಹಾಗೆಯೇ ಆಯಿತು.

ಎದುರಿನ ಚಹಾದಂಗಡಿಯ ದಸ್ತಗೀರ ನಕ್ಕ. "ಏನ್ ಕಾಕಾ, ನಿಂಬಿಹಣ್ಣ ಹತ್ತಾಕೂ ದಮ್ಮಿಲ್ಲೇನ್ರಿ ನಿಮ್ಮ ಗಾಡಿಗೆ?"

"ನೀ ಚಾ ಸೋಸೋ ಮಗನ, ಗಾಡಿ ನಾ ನೋಡ್ತೀನಿ," ಎಂದು ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದೆ.

ಹಿಂದಿನ ಗಾಲಿಯ ಬಳಿ ಬಗ್ಗಿದೆ. ಗಾಲಿಯ ಮುಂದೆಯೇ ನಮ್ಮ ರೇಣುಕಾ ಕಾಲು ಚಾಚಿ ಕುಳಿತಿದ್ದಳು! ಅಲ್ಲಿಟ್ಟಿದ್ದ ನಿಂಬೆಹಣ್ಣು ಅವಳ ಕೈಯಲ್ಲಿತ್ತು. ಕಚ್ಚಿ ಕಚ್ಚಿ ಮುಖ ಹಿಂಡುತ್ತಿದ್ದಳು. ನನ್ನನ್ನು ಕಂಡು, "ಅಜ್ಜಾ, ಹುಳಿ!" ಎಂದಳು. ಎತ್ತಿಕೊಂಡೆ.

ಅವಳನ್ನು ಅಜ್ಜಿಯ ಕೈಗೆ ಕೊಟ್ಟು, ಮತ್ತೆ ಹತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಲಾರಿ ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಮುಂದಿನ ಗಾಲಿಗಳ ಎರಡೂ ನಿಂಬೆಹಣ್ಣು ಪಚ್ಚೆಂದು ಒಡೆದವು.

ಅಲ್ಲೇ ನಿಲ್ಲಿಸಿ ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ರಿಂಗ್ ಎಳೆದರೆ ಹನಿ ನೀರೂ ಬರಲಿಲ್ಲ. ವಿಜಯಪುರದ ಮಿಸ್ತ್ರಿ ಬ್ರೇಕಿಗೆ ಗಾಳಿ ಬಿಡುವ ವಾಲ್ವ್ ಬಿಚ್ಚಿ, "ಹೊಸಾದ್ರಂಗ ಐತ್ರಿ," ಎಂದ.

ನಿನ್ನೆ ಗ್ಯಾರೇಜಿಗೆ ಹೋಗಿ ರೇಣುಕಾಳನ್ನೂ ಕೇಳಿದೆ. ಗ್ರೀಸಿನ ಕೈ ಒರೆಸುತ್ತ, "ವಾಲ್ವ್ ಅಂಟಿರಬೇಕು ಅಜ್ಜಾ," ಎಂದಳು.

"ಹಂಗಾದ್ರ ನಿನ್ನ ಎತ್ತಿಕೊಂಡ ಮ್ಯಾಲ ಹೆಂಗ ಬಿಡ್ತವ್ವಾ?"

"ಅದ ನಂಗೂ ತಿಳೀವಲ್ದು," ಎಂದು ನಕ್ಕು ಎದ್ದಳು. ರಿಪೇರಿಯಾದ ಲಾರಿಯನ್ನು ಹೊರಗೆ ತೆಗೆಯಬೇಕಿತ್ತು. ಸುತ್ತು ಹಾಕಿ, ಒಂದೊಂದು ಗಾಲಿಗೂ ಬಗ್ಗಿ ನೋಡಿ, ಆಮೇಲೆ ಹತ್ತಿದಳು. ಅಂದು ಬ್ರೇಕು ಯಾಕೆ ಬಿಡಲಿಲ್ಲವೋ, ನನಗಂತೂ ಇನ್ನೂ ತಿಳಿದಿಲ್ಲ.