ಒಂದೇ ಬಾಗಿಲಿನ ಮನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಆರ್ಕಿಟೆಕ್ಟ್ ಆಗಿದ್ದೆ. ರಾಮಮೂರ್ತಿ ನಗರದಿಂದ ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಆಗ ನಮ್ಮ ಕೈಗೆ ಬಂದದ್ದು ಶಾಸಕರ ಮನೆಗಳ ಕೆಲಸ. ಕಂಟೋನ್ಮೆಂಟಿನ ಹಳೆಯ ಸರ್ಕಾರಿ ತೋಟವೊಂದರಲ್ಲಿ, ಮರ ಕಡಿಯದೆ, ಕೆಲವು ಮನೆ ಕಟ್ಟಬೇಕು. ಮಳೆನೀರು ಹಿಡಿಯಬೇಕು, ಬಿಸಿಲಲ್ಲೇ ನೀರು ಕಾಯಬೇಕು, ಫ್ಯಾನಿಲ್ಲದೆಯೂ ತಂಪಾಗಿರಬೇಕು. ತೋಟ ಮಾತ್ರ ಜನರಿಗೆ ತೆರೆದೇ ಇರಬೇಕು. ಗೆದ್ದವರು ಗೆಲ್ಲಿಸಿದವರ ಕಣ್ಣೆದುರೇ ಬದುಕಲಿ ಎಂದು ಇಲಾಖೆಯಲ್ಲಿ ಯಾರಿಗೋ ಒಳ್ಳೆಯ ಬುದ್ಧಿ ಬಂದಿತ್ತು.

ಕಣ್ಣೆದುರು ಅಂದ ತಕ್ಷಣ ನನಗೆ ನೆನಪಾದದ್ದು ಕೆ.ಆರ್. ಪುರದ ಕಡೆಯ ಹಳ್ಳಿಯಲ್ಲಿದ್ದ ತಾತನ ಮನೆ. ತಾತ ಊರಿನ ಯಜಮಾನರಲ್ಲಿ ಒಬ್ಬರು. ಬದುವಿನ ಜಗಳವೋ, ಗದ್ದೆಗೆ ನೀರು ಬಿಡುವ ಸರದಿಯೋ, ತಕರಾರಿದ್ದವರು ಬೆಳಿಗ್ಗೆ ಬಂದು ಜಗಲಿ ಮೇಲೆ ಕೂರುತ್ತಿದ್ದರು. ಕೂಗುವ ಹಾಗಿಲ್ಲ, ಬಾಗಿಲು ತಟ್ಟುವ ಹಾಗಿಲ್ಲ, ಸುಮ್ಮನೆ ಕೂರುವುದು. ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಹಸು ಕೂಡ ಅದರಲ್ಲೇ ಹೋಗಿ ಬರುತ್ತಿತ್ತು. ಜಗಲಿ ಮೇಲೆ ಕೂತವರನ್ನು ಮಾತಾಡಿಸದೆ ದಾಟಿ ಹೋದರೆ ಊರಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ. ಕೆಲವು ದಿನ ತಾತ ಒಳಗೇ ನಿಂತು ಗೊಣಗುತ್ತಿದ್ದರು, ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಿದ್ದರು. ಬರದೆ ಎಲ್ಲಿಗೆ ಹೋಗುತ್ತಾರೆ, ಪಾಪ.

ನಾನು ಅದನ್ನೇ ಪ್ಲಾನಿಗೆ ಇಳಿಸಿದೆ. ಪ್ರತಿ ಮನೆಗೂ ತೋಟದ ದಾರಿಗೆ ಮುಖ ಮಾಡಿದ ಉದ್ದನೆಯ ಜಗಲಿ, ಅದಕ್ಕೆ ಕಲ್ಲಿನ ಹಾಸು, ಮೇಲೆ ಮರದ ನೆರಳು, ಮತ್ತು ಒಂದೇ ಬಾಗಿಲು.

ಮೀಟಿಂಗಿಗೆ ಬಂದ ಶಾಸಕರಿಗೆ ಎಲ್ಲವೂ ಹಿಡಿಸಿತು. ಮಳೆನೀರಿನ ತೊಟ್ಟಿಗಂತೂ ತಲೆದೂಗಿದ್ದೇ ತೂಗಿದ್ದು. ಅವರಲ್ಲಿ ಹಿರಿಯರೊಬ್ಬರು ಡ್ರಾಯಿಂಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಾ ಚೆನ್ನಾಗಿದೆ ಕಣಮ್ಮ. ಹಿಂದ್ಗಡೆ ಬಾಗ್ಲೆಲ್ಲಿ?"

"ಇಲ್ಲ ಸಾರ್, ಒಂದೇ ಬಾಗ್ಲು."

"ಅಡುಗೆಯವ್ರು ಎಲ್ಲಿಂದ ಬರ್ಬೇಕು?"

"ಮುಂದ್ಗಡೆಯಿಂದಾನೇ ಬರ್ಲಿ ಸಾರ್."

ಅವರು ಮಗುವನ್ನು ನೋಡಿ ನಗುವ ಹಾಗೆ ನಕ್ಕರು. ಮುಂದಿನ ಮೀಟಿಂಗಿನಲ್ಲಿ ಬಾಗಿಲು ಗ್ಯಾಸ್ ಸಿಲಿಂಡರಿಗೆ ಬೇಕಾಯಿತು. ಅದರ ಮುಂದಿನದರಲ್ಲಿ ವಾಸ್ತುವಿಗೆ. ಪ್ರತಿ ಸಲವೂ ನಾನು ಗಂಟಲು ಹರಿದುಕೊಂಡೆ, ಪ್ರತಿ ಸಲವೂ ಅವರು ಬಿಸ್ಕತ್ತು ತಿಂದು ಎದ್ದು ಹೋದರು.

ಕೊನೆಗೆ ನಮ್ಮ ಬಾಸ್ ನನ್ನನ್ನು ಕೂರಿಸಿಕೊಂಡರು. ಕೆಟ್ಟವರಲ್ಲ ಅವರು. "ನೋಡಮ್ಮ, ಮರ ಉಳೀತು, ತೊಟ್ಟಿ ಉಳೀತು, ಜಗಲಿನೂ ಉಳೀತು. ಒಂದ್ ಬಾಗ್ಲಿಗೋಸ್ಕರ ಇಷ್ಟು ಹಠಾನಾ?"

"ಆ ಬಾಗ್ಲು ಇಟ್ರೆ ಜಗಲಿ ಬರೀ ಬೆಂಚು ಸಾರ್. ನಾನು ಹಾಕಲ್ಲ."

ಅವರೇ ಪೆನ್ಸಿಲು ತೆಗೆದುಕೊಂಡು ಅಡುಗೆಮನೆಯ ಗೋಡೆಯಲ್ಲಿ ಬಾಗಿಲು ಹಾಕಿದರು. ನನಗೆ ಸಿಟ್ಟು ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ, ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತು. ಕೆಲಸ ಬಿಡಲಿಲ್ಲ. ಬಿಟ್ಟರೆ ಬೇರೆ ಆಫೀಸಿನಲ್ಲೂ ಇಂಥದೇ ಬಾಗಿಲು.

ಕೆಲವು ವರ್ಷ ಕಳೆದ ಮೇಲೆ ಒಂದು ಬೇಸಿಗೆ ನಮ್ಮ ರಸ್ತೆಗೆ ನೀರು ಬರುವುದು ನಿಂತೇಹೋಯಿತು. ಜಲಮಂಡಳಿಯ ಎಂಜಿನಿಯರ್ ಹತ್ತಿರ ಅಲೆದದ್ದಾಯಿತು, ಟ್ಯಾಂಕರಿನವರ ಬಾಯಿಗೆ ಬಿದ್ದದ್ದಾಯಿತು. ಕೊನೆಗೆ ಬೀದಿಯ ಹೆಂಗಸರೆಲ್ಲ ಸೇರಿ ಶಾಸಕರ ಮನೆಗೆ ಹೊರಟೆವು. ಅವರಿದ್ದದ್ದು ಅದೇ ತೋಟದಲ್ಲಿ, ನಮ್ಮ ಆಫೀಸು ಕಟ್ಟಿಸಿದ ಮನೆಯೊಂದರಲ್ಲಿ. ನನ್ನ ಪಕ್ಕದ ಮನೆಯಾಕೆ ಬಸ್ಸಿನುದ್ದಕ್ಕೂ ಹಲ್ಲು ಕಡಿಯುತ್ತಿದ್ದರು. "ಇವತ್ತು ಮುಖದ ನೀರು ಇಳಿಸ್ಬಿಡ್ತೀನಿ ನೋಡ್ರಿ" ಅಂದರು.

ಬಾಗಿಲಲ್ಲೇ ಸಿಕ್ಕ ಶಾಸಕರ ಸಹಾಯಕ ನಗುನಗುತ್ತಾ ಜಗಲಿ ತೋರಿಸಿದ. "ಕೂತ್ಕೊಳಿ ಅಮ್ಮಾ, ಸಾಹೇಬ್ರು ಪೂಜೇಲಿದಾರೆ, ಇನ್ನೇನ್ ಬಂದ್ಬಿಡ್ತಾರೆ." ಟೀ ಬಂತು. ಪಕ್ಕದ ಮನೆಯಾಕೆ ಚಪ್ಪಲಿ ಬಿಟ್ಟು, ಕಾಲು ಮಡಿಸಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಏನ್ ತಂಪಾಗಿದೆ ರೀ ಇಲ್ಲಿ! ಯಾರೋ ಪುಣ್ಯಾತ್ಮರು ಕಟ್ಟಿದಾರೆ."

ನಾನು ಮಾತ್ರ ನಿಂತೇ ಟೀ ಕುಡಿದೆ. ಸ್ವಲ್ಪ ಹೊತ್ತಿಗೆ ಮನೆಯ ಹಿಂದೆ ಚಿಲಕ ತೆಗೆದ ಸದ್ದು, ಆಮೇಲೆ ಕಾರು ಹೊರಟ ಸದ್ದು. ತಿರುಗಿದವಳು ನಾನೊಬ್ಬಳೇ.

"ಸಾಹೇಬ್ರು ಹೊರಟ್ರು ಕಣ್ರೀ" ಅಂದೆ. "ಅಡುಗೆಮನೇಲಿ ಇನ್ನೊಂದು ಬಾಗ್ಲಿದೆ. ನಾಳೆ ಬಂದು ಅಲ್ಲೇ ನಿಲ್ಲೋಣ."

"ಅಲ್ಲಿ ನೆರಳಿದ್ಯಾ?"

"ಇಲ್ಲ."

ಅವರು ಟೀ ಲೋಟ ಪಕ್ಕಕ್ಕಿಟ್ಟು ಗೋಡೆಗೆ ಒರಗಿದರು. "ನಿಮಗೆ ಎಲ್ಲಾದಕ್ಕೂ ಅನುಮಾನ. ಮರ್ಯಾದೆಯಾಗಿ ಕೂರಿಸಿದಾರೆ, ಟೀ ಕೊಟ್ಟಿದಾರೆ. ಬರ್ದೇ ಎಲ್ಲಿಗ್ ಹೋಗ್ತಾರೆ?"

ಮಿಕ್ಕವರೂ ಹೌದು ಹೌದು ಅಂದರು. ನಾನೂ ಅವರ ಪಕ್ಕದಲ್ಲೇ ಕೂತುಕೊಂಡೆ. ಕಲ್ಲು ನಿಜವಾಗಿಯೂ ತಂಪಾಗಿತ್ತು.