ಸೀನಿದರೆ ಒಂದು ಗಳಿಗೆ ಕೂತು

ನನ್ನದು ನೆಗಡಿಯಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ನೆಗಡಿ ಮರ್ಯಾದಸ್ಥ ಕಾಯಿಲೆ. ಬರುತ್ತದೆ, ನಾಲ್ಕು ದಿನ ಇದ್ದು ಹೋಗುತ್ತದೆ. ನನ್ನದು ಹಾಗಿರಲಿಲ್ಲ. ಕಾರ್ತಿಕದ ದೀಪಗಳು ಮುಗಿಯುವ ಹೊತ್ತಿಗೆ ಬಂದು ಕೂತರೆ ಸಂಕ್ರಾಂತಿಯ ಎಳ್ಳು, ಶಿವರಾತ್ರಿಯ ಉಪವಾಸ, ಯುಗಾದಿಯ ಬೇವು ಎಲ್ಲವನ್ನೂ ನನ್ನ ಜೊತೆಗೇ ಮುಗಿಸಿ, ಮೊದಲ ಮಳೆ ಬಿದ್ದ ಮೇಲೆ ಹೊರಡುವ ಯೋಚನೆ ಮಾಡುತ್ತಿತ್ತು. ವರ್ಷದ ಅರ್ಧ ಭಾಗ ನಮ್ಮ ಮನೆಯಲ್ಲಿ ಇಬ್ಬರು ಇರುತ್ತಿದ್ದೆವು, ನಾನು ಮತ್ತು ನನ್ನ ಮೂಗು.

ಮನೆ ಎಂದರೆ ಮಲ್ಲೇಶ್ವರದ ಒಂದು ಹಳೆಯ ವಠಾರದಲ್ಲಿ ಎರಡು ಕೋಣೆ. ಸಂಪಿಗೆ ರಸ್ತೆಯ ಗಲಾಟೆಯಿಂದ ಒಳಕ್ಕೆ ತಿರುಗಿ ಸ್ವಲ್ಪ ನಡೆದರೆ ಕಬ್ಬಿಣದ ಗೇಟು, ಗೇಟಿನ ಪಕ್ಕ ಹೊಂಗೆ ಮರ, ಆಮೇಲೆ ಕಲ್ಲುಚಪ್ಪಡಿಯ ಓಣಿ, ಓಣಿಯ ಎರಡೂ ಬದಿಗೆ ಎದುರುಬದುರು ಬಾಗಿಲುಗಳು. ನಾನು ಒಬ್ಬಳೇ ಇರುವವಳು, ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿ ಬದುಕಿದವಳು. ಮದುವೆ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಆದರೆ ಅದಕ್ಕೂ ಮೂಗಿಗೂ ಸಂಬಂಧವಿಲ್ಲ, ಬಿಡಿ.

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕೆ ತಾಗಿದ್ದೇ ತಡ, ಮೂಗಿನ ಬುಡದಲ್ಲಿ ಇರುವೆ ಹರಿದಂತಾಗಿ ಸೀನು ಶುರುವಾಗುತ್ತಿತ್ತು. ಸೀನು ನಿಂತರೆ ಮೂಗು ಕಟ್ಟುವುದು. ಮೂಗು ಕಟ್ಟಿದರೆ ಹುಬ್ಬಿನ ಮೇಲೆ, ಕೆನ್ನೆಯ ಮೂಳೆಯ ಹಿಂದೆ ಭಾರ. ಸೀರೆಯ ನೆರಿಗೆ ಸರಿಮಾಡಲು ಬಗ್ಗಿದರೆ ಹಣೆಯೊಳಗೆ ಗುಂಡುಕಲ್ಲು ಮುಂದಕ್ಕೆ ಉರುಳಿದ ಹಾಗೆ. ಮೇಲಿನ ಸಾಲಿನ ಹಲ್ಲುಗಳೆಲ್ಲ ನೋಯುತ್ತಿದ್ದವು. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಗಟ್ಟಿಮುಟ್ಟಾದ ಒಂದು ಹಲ್ಲನ್ನು ಕೀಳಿಸಿಕೊಳ್ಳುವುದರಲ್ಲಿದ್ದೆ. ಅವರೇ ಬುದ್ಧಿವಂತರು, ಇದು ಹಲ್ಲಲ್ಲ ತಾಯಿ, ಸೈನಸ್ಸು ಎಂದು ವಾಪಸು ಕಳಿಸಿದರು.

ಔಷಧಿ ಹೇಳದವರು ಯಾರಿದ್ದಾರೆ? ಹೂವಿನವಳು ಮೆಣಸಿನ ಕಷಾಯ ಹೇಳಿದಳು, ಹಾಲಿನವನು ಅರಿಶಿನ ಹೇಳಿದ. ಟ್ಯೂಷನ್ ಮಕ್ಕಳ ತಾಯಂದಿರಲ್ಲಿ ಅರ್ಧ ಜನ ದೊಡ್ಡಪತ್ರೆ, ಉಳಿದರ್ಧ ಪ್ರಾಣಾಯಾಮ. ಮೂಗೇ ಕಟ್ಟಿರುವವಳು ಪ್ರಾಣಾಯಾಮ ಹೇಗೆ ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಎಲ್ಲವನ್ನೂ ಮಾಡಿದೆ. ಕುದಿಯುವ ನೀರಿಗೆ ನೀಲಗಿರಿ ಎಣ್ಣೆ ಬಿಟ್ಟು, ತಲೆಯ ಮೇಲೆ ಟವೆಲ್ ಹೊದ್ದು, ಪಾತ್ರೆಯ ಮೇಲೆ ಬಗ್ಗಿ ಕೂರುವುದು ನನ್ನ ಸಂಧ್ಯಾವಂದನೆಯಾಯಿತು. ಮಾತ್ರೆ ನುಂಗಿದರೆ ಸೀನು ನಿಲ್ಲುತ್ತಿತ್ತು, ಆದರೆ ವರ್ಗಸಮೀಕರಣದ ನಡುವೆ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಹೊಂಗೆ ಹೂಬಿಟ್ಟಾಗ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಬರುವುದು ಅದೇ ತಿಂಗಳುಗಳಲ್ಲಿ. ಹೋಮದ ಹೊಗೆಯಲ್ಲಿ ಕೂರಲಾರೆ ಎಂದು ಒಂದು ವರ್ಷ ಹೋಗಲಿಲ್ಲ, ಮುಹೂರ್ತದಲ್ಲಿ ಸೀನಿಬಿಟ್ಟರೆ ಎಂಬ ಹೆದರಿಕೆಗೆ ಮರುವರ್ಷ ಹೋಗಲಿಲ್ಲ. ಆಮೇಲೆ ಕರೆಯುವವರೂ ಕಡಿಮೆಯಾದರು. ಅವರನ್ನು ದೂರಿ ಏನು ಪ್ರಯೋಜನ?

ವಠಾರದಲ್ಲಿ ಮಾತ್ರ ನನ್ನ ಸೀನಿಗೆ ಒಂದು ಸ್ಥಾನಮಾನವಿತ್ತು. ಯಾರಾದರೂ ಹೊರಗೆ ಹೊರಟಾಗ ಒಂಟಿ ಸೀನು ಕೇಳಿದರೆ ಹಾಗೇ ಹೋಗಬಾರದು, ಹಿಂದಕ್ಕೆ ಬಂದು ಒಂದು ಗಳಿಗೆ ಕೂತು, ನೀರು ಕುಡಿದು ಹೋಗಬೇಕು. ಎರಡು ಸೀನಾದರೆ ದೋಷವಿಲ್ಲ. ಇದು ನಮ್ಮ ಜನಕ್ಕೆಲ್ಲ ಗೊತ್ತಿರುವ ಶಾಸ್ತ್ರ. ಎಲ್ಲರ ಮನೆಯಲ್ಲೂ ವರ್ಷಕ್ಕೆ ಒಂದೆರಡು ಸಲ ಆಗುವ ಈ ತೊಂದರೆ ನಮ್ಮ ವಠಾರದಲ್ಲಿ ದಿನಾ ಆಗುತ್ತಿತ್ತು. ಆಫೀಸು, ಕಾಲೇಜು, ಬ್ಯಾಂಕು ಎಂದು ಎಲ್ಲರೂ ಹೊರಡುವ ಹೊತ್ತಿಗೆ ಸರಿಯಾಗಿ ನನ್ನ ಕಿಟಕಿಯಿಂದ ಸೀನು ಓಣಿಗೆ ಬೀಳುತ್ತಿತ್ತು. ಚಪ್ಪಲಿ ಮೆಟ್ಟಿದವರು ನಿಂತು ಎಣಿಸುತ್ತಿದ್ದರು. ಎರಡೋ ನಾಲ್ಕೋ ಆದರೆ ಸರಿ, ಒಂದಕ್ಕೆ ನಿಂತುಬಿಟ್ಟರೆ ಗೊಣಗಿಕೊಂಡು ಒಳಗೆ ಹೋಗಿ ಕೂರುತ್ತಿದ್ದರು. ಜನಕ್ಕೆ ತಡವಾಗುತ್ತದೆ ಎಂದು ನಾನೇ ಎಷ್ಟೋ ಸಲ ಕರವಸ್ತ್ರದ ತುದಿಯನ್ನು ಬತ್ತಿ ಹೊಸೆದು ಮೂಗಿಗೆ ಹಾಕಿ ಎರಡನೆಯ ಸೀನನ್ನು ಕರೆಸಿಕೊಂಡು ಅವರನ್ನು ಬಿಡುಗಡೆ ಮಾಡಿದ್ದುಂಟು.

ಇದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದ್ದು ಎದುರು ಮನೆಯ ಅತ್ತೆ. ಅವರ ಸೊಸೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ನನ್ನದೇ ವಯಸ್ಸಿನವರು. ಸೊಸೆಯ ಗಂಡ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನ ಸೀನಿಗೆ ಸಿಕ್ಕುತ್ತಿರಲಿಲ್ಲ. ಸಿಕ್ಕುತ್ತಿದ್ದವರು ಸೊಸೆಯೇ. ಹೆಗಲಿಗೆ ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿದಾಗ ನಾನು ಸೀನಿದರೆ ಅತ್ತೆ ಒಳಗಿನಿಂದ, ಕೂತು ನೀರು ಕುಡಿದು ಹೋಗು ಎಂದು ಕೂಗುತ್ತಿದ್ದರು. ಸೊಸೆ ತಂಬಿಗೆ ಹಿಡಿದು ತಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೂತವರು ಎದುರಿಗಿರುವ ನನ್ನ ಕಿಟಕಿಯನ್ನಲ್ಲದೆ ಇನ್ನೇನನ್ನು ನೋಡಬೇಕು? ಹಾಗೆ ಮಾತು ಶುರುವಾಯಿತು. ಅವರು ಮೆಟ್ಟಿಲ ಮೇಲೆ, ನಾನು ಸರಳಿನ ಹಿಂದೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಅವರೆಕಾಳು ಬಂತೋ ಇಲ್ಲವೋ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂತು, ಕಚೇರಿಯಲ್ಲಿ ಯಾರು ಯಾರ ಮೇಲೆ ಹಾರಾಡಿದರು. ನೀರು ಮುಗಿದರೆ ಮಾತೂ ಮುಗಿಯಿತು. ಬರ್ತೀನಿ ಟೀಚರ್ ಎಂದು ಎದ್ದು ಹೋಗುತ್ತಿದ್ದರು.

ಕೊರೊನಾ ಬಂದ ವರ್ಷ ನನ್ನ ಸೀನಿನ ಮರ್ಯಾದೆ ಹೋಯಿತು. ಓಣಿಯಲ್ಲಿ ನಾನು ಸೀನಿದರೆ ಕಿಟಕಿಗಳು ಮುಚ್ಚಿಕೊಂಡವು. ನನ್ನದು ಅದಲ್ಲ, ಹಳೆಯದು, ನಿಮಗೆಲ್ಲ ಗೊತ್ತಿರುವುದೇ ಎಂದು ಎಷ್ಟು ಹೇಳಲಿ? ಟ್ಯೂಷನ್ ಮಕ್ಕಳು ಕಂಪ್ಯೂಟರಿನ ಪರದೆಗೆ ಹೋದರು, ರೋಗ ಹೋದ ಮೇಲೂ ಅಲ್ಲೇ ಉಳಿದರು. ಸೀನು ಬಂದರೆ ಮೈಕು ಮುಚ್ಚುತ್ತಿದ್ದೆ, ಸೀನುತ್ತಿದ್ದೆ, ಮತ್ತೆ ತೆರೆಯುತ್ತಿದ್ದೆ. ಪಾಠ ಮುಗಿದ ಮೇಲೆ ಮುಖಗಳೆಲ್ಲ ಒಟ್ಟಿಗೆ ಆರಿಹೋಗಿ ಪರದೆಯಲ್ಲಿ ನನ್ನ ಕೆಂಪು ಮೂಗು ಮಾತ್ರ ಕಾಣುತ್ತಿತ್ತು. ಆ ಹೊತ್ತು ನನಗೆ ಬಹಳ ಕಷ್ಟವಾಗುತ್ತಿತ್ತು. ಅತ್ತು ಹಗುರಾಗೋಣವೆಂದರೆ ಅತ್ತರೂ ಮೂಗು ಕಟ್ಟುತ್ತಿತ್ತು.

ಆ ದಿನಗಳಲ್ಲೇ ಎದುರು ಮನೆಯ ಅತ್ತೆ ತೀರಿಕೊಂಡರು. ಕೂಗಿ ಕೂರಿಸುವವರು ಇಲ್ಲವಾದ ಮೇಲೆ ಸೊಸೆ ಇನ್ನು ಕೂರುವುದಿಲ್ಲ ಎಂದುಕೊಂಡೆ. ಕಚೇರಿಗಳು ಮತ್ತೆ ತೆರೆದ ಮೇಲೆ ಒಂದು ಬೆಳಿಗ್ಗೆ ಅವರು ಮೆಟ್ಟಿಲಿಳಿದರು, ನಾನು ಸೀನಿದೆ, ಅವರು ಹಿಂದಕ್ಕೆ ಹೋಗಿ ತಂಬಿಗೆ ತಂದು ಕೂತರು. ಇದನ್ನೆಲ್ಲ ನೀವೂ ನಂಬುತ್ತೀರಾ ಎಂದು ಕೇಳಿಬಿಟ್ಟೆ.

"ನಂಬಿಕೆ ಏನೂ ಇಲ್ಲ ಟೀಚರ್," ಎಂದರು. "ಬೆಳಿಗ್ಗೆ ಎದ್ದಾಗಿಂದ ನಾನು ಕೂತಿದ್ದು ಇದೇ ಮೊದ್ಲು."

ಆಮೇಲೆ ನಾನು ಎರಡನೆಯ ಸೀನನ್ನು ಕರೆಸುವುದು ಬಿಟ್ಟೆ. ತಾನಾಗಿ ಬಂದರೂ ಮೂಗು ಹಿಡಿದು ನುಂಗುತ್ತಿದ್ದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಎನ್ನಲಿ.

ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರೂ ಅವರೇ. ಅವರ ಕಚೇರಿಯಲ್ಲಿ ಯಾರಿಗೋ ಇದೇ ತೊಂದರೆ ಇದ್ದು ಈಗ ಗುಣವಾಗಿದೆಯಂತೆ. ಜೀವನಪೂರ್ತಿ ಹಬೆ ತಗೊಂಡು ಕೂತಿರುತ್ತೀರಾ ಎಂದು ಬೈದು, ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ಕಿವಿ ಮೂಗು ಗಂಟಲಿನ ಆ ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ ಬಿಟ್ಟು ಸೂಜಿಯಿಂದ ಚುಚ್ಚಿಸಿದರು. ಸ್ವಲ್ಪ ಹೊತ್ತಿಗೆ ನನ್ನ ಕೈ ಮೇಲೆ ಸೊಳ್ಳೆ ಕಚ್ಚಿದಂಥ ಗಂಧೆಗಳು ಎದ್ದವು. ಮರದ ಹೂಪುಡಿ, ಹುಲ್ಲಿನ ಹೂಪುಡಿ, ಮನೆಯ ದೂಳು, ಜಿರಲೆ ಎಂದು ಡಾಕ್ಟರು ಓದುತ್ತಾ ಹೋದರು. ನಮ್ಮ ಮನೆಯಲ್ಲಿ ಜಿರಲೆ ಇಲ್ಲ ಎಂದು ನಾನು ವಾದಿಸಿದೆ. ಎದುರು ಮನೆಯವರು ಆ ಕಡೆ ತಿರುಗಿ ನಕ್ಕರು. ದಿನಾ ನಾಲಿಗೆಯ ಅಡಿಗೆ ಹಾಕಿಕೊಳ್ಳುವ ಹನಿ, ಮೂಗಿಗೆ ಸ್ಪ್ರೇ, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ವರ್ಷಗಟ್ಟಲೆ ತಾಳ್ಮೆ ಬೇಕು ಎಂದರು. ತಾಳ್ಮೆಗೆ ನನ್ನಲ್ಲಿ ಬರವಿರಲಿಲ್ಲ.

ಮೊದಲ ವರ್ಷ ಏನೂ ಆಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದು ಹಾಲು ಕಾಯಿಸಿ ಕಾಫಿ ಬೆರೆಸುವಾಗ ಮೂಗಿಗೆ ಏನೋ ಬಂತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾಫಿಯ ವಾಸನೆ! ಲೋಟ ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಆ ದಿನವೆಲ್ಲ ಹುಚ್ಚಿಯ ಹಾಗೆ ಇಂಗಿನ ಡಬ್ಬಿ, ಸೋಪು, ಪುಸ್ತಕ, ಗೋಡೆ ಎಲ್ಲವನ್ನೂ ಮೂಸಿದೆ. ಮನೆಯ ತುಂಬ ನೀಲಗಿರಿ ಎಣ್ಣೆ ಮತ್ತು ಒದ್ದೆ ಟವೆಲಿನ ವಾಸನೆ ತುಂಬಿತ್ತು. ಇಷ್ಟು ವರ್ಷ ಇಂಥ ಮನೆಯಲ್ಲಿ ಒಬ್ಬಳೇ ಇದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಯ್ಯೋ ಅನ್ನಿಸಿತು.

ಆ ಸಲ ಹೊಂಗೆ ಹೂಬಿಟ್ಟಾಗ ಕಿಟಕಿ ತೆರೆದೇ ಇತ್ತು. ಎದುರು ಮನೆಯವರು ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿದರು. ನಾನು ಸರಳಿನ ಹಿಂದೆ ನಿಂತಿದ್ದೆ, ಮೂಗು ತಿಳಿಯಾಗಿತ್ತು. ಅವರು ಒಂದು ಕ್ಷಣ ನಿಂತ ಹಾಗೆ ಮಾಡಿ, ಗುಣವಾಯ್ತಲ್ಲ ಟೀಚರ್ ಎಂದು ಸಂತೋಷಪಟ್ಟು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೊರಟರು. ಗೇಟಿನ ಚಿಲಕದ ಸದ್ದಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ಕೂತುಕೊಳ್ಳಿ, ಮಾತಾಡೋಣ ಎಂದು ಕರೆಯಬಾರದಿತ್ತೇ ಎಂದು ನೀವು ಕೇಳಬಹುದು. ಕೆಲಸಕ್ಕೆ ಹೊರಟ ಹೆಂಗಸನ್ನು ಯಾವ ನೆಪವೂ ಇಲ್ಲದೆ ನಿಲ್ಲಿಸುವುದು ಹೇಗೆ? ಸಂಜೆ ಅವರು ತರಕಾರಿ ಚೀಲ ಹೊತ್ತು ಬಂದು ನೇರ ಒಲೆಯ ಮುಂದೆ ನಿಲ್ಲುವವರು, ಭಾನುವಾರ ಬಟ್ಟೆಯ ರಾಶಿ. ಅದೂ ಅಲ್ಲದೆ, ಕರೆದು ಮಾತಾಡಿಸುವುದು ನನಗೆ ಬರುವುದಿಲ್ಲ. ಬಾಗಿಲು ಹಾಕಿಕೊಂಡೇ ಅಷ್ಟು ವರ್ಷ ಕಳೆದವಳಿಗೆ ಅದು ಮರೆತೇಹೋಗಿತ್ತು. ಗುಣವಾದದ್ದಕ್ಕೆ ದುಃಖಪಡುವವರು ಲೋಕದಲ್ಲಿ ನಾನೊಬ್ಬಳೇ ಇರಬೇಕು. ದುಃಖವಾಗಿದ್ದು ನಿಜ.

ಯುಗಾದಿಯ ಹೋಳಿಗೆ ಕೊಡಲು ಬಂದಾಗ ಅವರೇ ವಿಷಯ ಹೇಳಿದರು. ಯಲಹಂಕದ ಆಚೆ ಅವರ ಫ್ಲ್ಯಾಟ್ ಮುಗಿದಿದೆ, ಬರುವ ವಾರ ಹಾಲುಕ್ಕಿಸಿ ಹೋಗಿಬಿಡುತ್ತಾರೆ. ಬಹಳ ಒಳ್ಳೆಯದಾಯಿತು ಎಂದೆ. ಸ್ವಂತ ಮನೆ ಎಂದರೆ ಸುಮ್ಮನೆಯೇ ಎಂದೆ. ಇನ್ನೂ ಏನೇನೋ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಆ ಹೋಳಿಗೆಯಲ್ಲಿ ಏಲಕ್ಕಿಯ ಪರಿಮಳ ಚೆನ್ನಾಗಿ ಬರುತ್ತಿತ್ತು, ಆದರೆ ಒಂದು ತುಂಡು ಮುರಿದು ಉಳಿದದ್ದನ್ನು ಮುಚ್ಚಿಟ್ಟೆ.

ಹೊರಟ ದಿನ ಲಾರಿಯ ಜೊತೆಗೆ ಗಂಡ ಮುಂದೆ ಹೋಗಿದ್ದರು. ಮನೆ ಗುಡಿಸಿ, ಬೀಗ ಹಾಕಿ, ಕೀಲಿಯನ್ನು ಮಾಲೀಕರಿಗೆ ಕೊಟ್ಟು ಬರಲು ಅವರು ಉಳಿದಿದ್ದರು. ಅದನ್ನೂ ಮುಗಿಸಿ ನನ್ನ ಕಿಟಕಿಯ ಹತ್ತಿರ ಬಂದು, ಬರ್ತೀನಿ ಟೀಚರ್, ಹನಿ ನಿಲ್ಲಿಸಬೇಡಿ ಎಂದರು. ನಾನು ತಲೆಯಾಡಿಸಿದೆ. ಗೇಟಿನ ಹೊರಗೆ ಆಟೋ ಕಾಯುತ್ತಿತ್ತು. ಅವರು ಓಣಿಯಲ್ಲಿ ನಡೆದರು.

ಒಂದು ಸೀನು ಬೇಕಿತ್ತು ನನಗೆ. ತಲೆಯೆತ್ತಿ ಬಿಸಿಲನ್ನೇ ದಿಟ್ಟಿಸಿದೆ. ಕರವಸ್ತ್ರದ ತುದಿ ಹೊಸೆದು ಮೂಗಿಗೆ ಹಾಕಿದೆ. ಹೊಂಗೆ ಹೂವು ಓಣಿಯ ತುಂಬ ಬಿದ್ದಿತ್ತು, ಬಾಗಿಲು ತೆಗೆದು ಆಚೆ ಬಂದು ಉಸಿರು ಎಳೆದೆ. ಏನೂ ಇಲ್ಲ. ಬೇಡವೆಂದಾಗ ಮದುವೆ ಮನೆಗಳಿಂದ ಓಡಿಸಿದ ಮೂಗು, ಈಗ ಗುಣವಾಗಿ ಸುಮ್ಮನೆ ಮುಖದ ಮೇಲೆ ಕೂತಿತ್ತು. ಅವರ ಕೈ ಚಿಲಕದ ಮೇಲಿತ್ತು. ನಾನು ಬಾಯಿಂದಲೇ, ಆಕ್ಷೀ, ಎಂದೆ.

ಎಂಥ ಕೆಟ್ಟ ಸೀನು ಅದು. ಮೂರನೆಯ ಕ್ಲಾಸಿನ ನಾಟಕದಲ್ಲೂ ಯಾರೂ ಹಾಗೆ ಸೀನುವುದಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವರು ಚಿಲಕ ಬಿಟ್ಟು ತಿರುಗಿದರು. ನನ್ನ ಮುಖ ನೋಡಿದರು, ಒಣಗಿದ ಕರವಸ್ತ್ರ ನೋಡಿದರು.

"ಒಂದೇನಾ?" ಎಂದರು.

"ಒಂದೇ."

ಬ್ಯಾಗು ಹೆಗಲಿನಿಂದ ಇಳಿಸಿ ವಾಪಸು ನಡೆದು ಬಂದರು. ಅವರ ಮನೆಗೆ ಬೀಗ ಬಿದ್ದಿತ್ತು, ತಂಬಿಗೆ ಲಾರಿಯಲ್ಲಿ ಹೋಗಿತ್ತು. ನನ್ನ ಮೆಟ್ಟಿಲ ಮೇಲಿನ ಹೂವನ್ನು ಕೈಯಿಂದ ಸರಿಸಿ ಅಲ್ಲೇ ಕೂತರು. ನಾನು ಒಳಗೆ ಓಡಿ, ದೊಡ್ಡ ಲೋಟವನ್ನೇ ಹುಡುಕಿ ನೀರು ತಂದುಕೊಟ್ಟೆ. ಅವರು ಬಿಸಿ ಕಾಫಿ ಕುಡಿಯುವ ಹಾಗೆ ಒಂದೊಂದೇ ಗುಟುಕು ಕುಡಿದರು. ಗೇಟಿನಾಚೆ ಆಟೋದವನು ಹಾರನ್ ಹೊಡೆದ.

"ಇನ್ನೊಂದು ಸೀನ್ಬಿಡಿ ಟೀಚರ್, ಹೊರಡ್ತೀನಿ," ಎಂದರು.

"ಬರ್ತಿಲ್ಲ ಕಣ್ರೀ," ಎಂದೆ. 

ಅವರು ಲೋಟವನ್ನು ಪಕ್ಕಕ್ಕಿಟ್ಟರು. ಅದರಲ್ಲಿ ಇನ್ನೂ ಅರ್ಧ ನೀರಿತ್ತು. ಗೋಡೆಯ ಕಡೆಗೆ ಸ್ವಲ್ಪ ಸರಿದು ಜಾಗ ಮಾಡಿ, ನಿಂತೇ ಇದೀರಲ್ಲ, ಕೂತ್ಕೊಳ್ಳಿ ಎಂದರು. ಆಟೋದವನು ಮತ್ತೊಮ್ಮೆ ಹಾರನ್ ಹೊಡೆದ. ನಾನು ಅವರ ಪಕ್ಕದಲ್ಲಿ ಕೂತೆ.